ಬೆಂದ ಏಡಿಯ ಕೆಂಪು

ಬೇಸಗೆಯ ರಜೆ ಸಮೀಪಿಸುತ್ತಿದ್ದಂತೆ ಊರೂರಿನ ಸ್ಟೇಷನರಿ ಅಂಗಡಿಗಳ ಮುಂಗಟ್ಟಿನಲ್ಲಿ, ಚೆಂಡು ಬ್ಯಾಟುಗಳ ಪಕ್ಕದಲ್ಲಿ, ದಾರಕ್ಕೆ ಕ್ಲಿಪ್ಪು ಹಾಕಿ ತೂಗಬಿಟ್ಟ ಬಣ್ಣ ತುಂಬುವ ಪುಸ್ತಕಗಳ ಸಾಲೊಂದು ಕಾಣಿಸಿಕೊಳ್ಳುತ್ತದೆ. ಹಣ್ಣು, ತರಕಾರಿ, ವಾಹನ, ಕಾಡುಪ್ರಾಣಿ ಎಂಬ ಚತುರಂಗಬಲದ ಬೆನ್ನಿಗೆ ಐದನೆಯದಾಗಿ ಕಡಲ ಜೀವಿಗಳ ಪುಸ್ತಕವೂ ಇದ್ದೇ ಇರುತ್ತದೆ. ಅದರ ಒಂದೊಂದು ಪುಟದಲ್ಲಿ ದಪ್ಪ ಕಪ್ಪುಗೆರೆಯ ಒಂದೊಂದು ಪ್ರಾಣಿ; ಪುಟದ ಮೇಲ್ಮೂಲೆಯಲ್ಲಿ, ಅಂಚೆಚೀಟಿಯ ಗಾತ್ರದಲ್ಲಿ, ಅದೇ ಪ್ರಾಣಿಯ ಬಣ್ಣ ತುಂಬಿದ ಪ್ರತಿರೂಪ, ಇದರಂತೆಯೇ ಮಾಡತಕ್ಕದ್ದು ಎಂಬ ಮೌನಾಜ್ಞೆಯೊಡನೆ. ಆಕ್ಟೋಪಸ್ಸಿಗೆ ನೇರಳೆ, ತಿಮಿಂಗಿಲಕ್ಕೆ ಆಕಾಶನೀಲಿ, ನಕ್ಷತ್ರಮೀನಿಗೆ ಹಳದಿ, ಕಡಲಾಮೆಗೆ ಗಿಳಿಹಸಿರು, ಏಡಿಗೆ ಕೆಂಪು: ಈ ವರ್ಣವ್ಯವಸ್ಥೆಯನ್ನು ಯಾವ ಮನು ಯಾವ ಯುಗದಲ್ಲಿ ವಿಧಿಸಿದನೋ ತಿಳಿಯದು, ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಅದನ್ನು ಮೀರಿದ ಪುಸ್ತಕ ಕೈಗೆ ಸಿಗುವುದು ಅಪರೂಪ.

ಇವುಗಳಲ್ಲಿ ಏಡಿಯ ಪ್ರಕರಣವನ್ನು ಮೊದಲು ವಿಚಾರಣೆಗೆ ತೆಗೆದುಕೊಳ್ಳುವುದು ಯುಕ್ತ. ಮಲ್ಪೆಯ ಬಂದರಿನಲ್ಲಿಯೋ ಕಾರವಾರದ ಮೀನುಪೇಟೆಯಲ್ಲಿಯೋ ಬುಟ್ಟಿಯೊಳಗೆ ಇನ್ನೂ ಕಾಲಾಡಿಸುತ್ತಿರುವ ಕಡಲೇಡಿಯನ್ನು ಕಂಡವರು ಬಲ್ಲರು: ಗಂಡಿನ ಚಿಪ್ಪು ಬಿಳಿಯ ಮಚ್ಚೆಗಳಿಂದ ಕೂಡಿದ ನೀಲಿ, ಹೆಣ್ಣಿನದು ಮಂಕಾದ ಕಂದುಹಸಿರು, ಇನ್ನೊಂದು ಜಾತಿಯ ಏಡಿಯ ಬೆನ್ನಮೇಲೆ ಬಿಳಿಯಂಚಿನ ಮೂರು ಕೆಂಪು ಬೊಟ್ಟುಗಳಿರುತ್ತವೆ. ಮರಳದಂಡೆಯಲ್ಲಿ ಬಿಲ ತೋಡಿಕೊಂಡು ಸರ್ರನೆ ಓಡುವ ಏಡಿಯಂತೂ ಮರಳಿನದೇ ಬಣ್ಣದ್ದು. ಓಟ ನಿಲ್ಲಿಸಿತೆಂದರೆ ಕಣ್ಣಿಗೆ ಬೀಳದು. ನಮ್ಮ ದಂಡೆಯಲ್ಲಿ ಸಾಮಾನ್ಯವಾಗಿ ಕಾಣುವ ಈ ಏಡಿಗಳಲ್ಲಿ ಯಾವುದೂ ಕೆಂಪಗಿಲ್ಲ. ಅವು ಕೆಂಪಾಗುವುದು ಬೆಂದಮೇಲೆ. ಏಡಿ ಸಿಗಡಿಗಳ ಚಿಪ್ಪಿನಲ್ಲಿ ಆಸ್ಟಜ್ಯಾಂಥಿನ್ ಎಂಬ ಕೆಂಪು ವರ್ಣದ್ರವ್ಯವೊಂದಿದೆ. ಜೀವವಿರುವಷ್ಟು ಕಾಲ ಅದನ್ನು ಪ್ರೋಟೀನೊಂದು ಬಿಗಿಯಾಗಿ ಹಿಡಿದುಕೊಂಡು ನೀಲಿ ಹಸಿರುಗಳ ಛಾಯೆಗೆ ತಿರುಗಿಸಿ ಇಟ್ಟಿರುತ್ತದೆ. ಕುದಿನೀರಿನ ಕಾವಿಗೆ ಆ ಪ್ರೋಟೀನಿನ ಕಟ್ಟು ಸಡಿಲಿದೊಡನೆ ಅಡಗಿದ್ದ ಕೆಂಪು ಹೊರಬೀಳುತ್ತದೆ. ಅಂದಮೇಲೆ ನಮ್ಮ ಪುಸ್ತಕದ ಏಡಿ, ಅಲೆಗಳ ನಡುವೆ ನಗುತ್ತ ಕೈಯೆತ್ತಿ ನಿಂತಿದ್ದರೂ, ವಸ್ತುತಃ ಒಲೆಯಿಂದ ಇಳಿಸಿದ ಏಡಿ! (ಜೀವಂತವಿರುವಾಗಲೇ ಕೆಂಪಗಿರುವ ಏಡಿಗಳೂ ಲೋಕದಲ್ಲಿ ಉಂಟು, ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಅಂಥವು ಕೋಟಿಗಟ್ಟಲೆಯಾಗಿ ವರ್ಷಕ್ಕೊಮ್ಮೆ ಕಾಡಿನಿಂದ ಕಡಲಿಗೆ ಇಳಿದು ಬರುತ್ತವೆ. ಪುಸ್ತಕದ ಚಿತ್ರಕಾರನ ಪರವಾಗಿ ಇಷ್ಟನ್ನಾದರೂ ಹೇಳದಿದ್ದರೆ ಅನ್ಯಾಯವಾದೀತು.)

ಮಕ್ಕಳ ಪುಸ್ತಕದಲ್ಲಿ ಪ್ರಾಣಿಶಾಸ್ತ್ರದ ದೋಷಗಳನ್ನು ಹೆಕ್ಕುವುದು ಈ ಲೇಖನದ ಉದ್ದೇಶವೆಂದು ಯಾರೂ ಭಾವಿಸಬಾರದು. ಮಗುವೊಂದು ಏಡಿಗೆ ಕೆಂಪು ಬಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಊದಾ ಬಳಿದರೂ ಬೀಳುವುದಿಲ್ಲ. ನನ್ನ ಆಕ್ಷೇಪವಿರುವುದು ಮೇಲ್ಮೂಲೆಯ ಆ ಪುಟ್ಟ ಮಾದರಿಯ ಮೇಲೆ. ಅದು ಮಗುವಿನ ಕಣ್ಣಿಗೂ ಕಡಲಿಗೂ ನಡುವೆ ನಿಂತುಕೊಂಡು, ನೋಡುವ ಶ್ರಮವನ್ನು ತಾನೇ ವಹಿಸಿಕೊಂಡು, ಕೈಗೆ ಮಾತ್ರ ಕೂಲಿಯ ಕೆಲಸ ಕೊಡುತ್ತದೆ. ಅದನ್ನು ಒಂದು ಚೂರು ಕಾಗದ ಅಂಟಿಸಿ ಮುಚ್ಚಿಬಿಟ್ಟರೆ ಅದೇ ಇಪ್ಪತ್ತು ರೂಪಾಯಿಯ ಪುಸ್ತಕಕ್ಕೆ ಎಷ್ಟೋ ಪಾಲು ಹೆಚ್ಚಿನ ಬೆಲೆ ಬರುತ್ತದೆ.

ನೋಡುವ ಶ್ರಮವೆಂದೆನಲ್ಲವೆ? ಅದಕ್ಕೆ ಬಂಗುಡೆಗಿಂತ ಒಳ್ಳೆಯ ಪಾಠಪುಸ್ತಕ ನಮ್ಮ ಕರಾವಳಿಯಲ್ಲಿಲ್ಲ. ಆಗತಾನೆ ದೋಣಿಯಿಂದಿಳಿದ ಬಂಗುಡೆಯೊಂದನ್ನು ಬಾಳೆಯೆಲೆಯ ಮೇಲೆ ಮಲಗಿಸಿ ಮಗುವಿನ ಮುಂದಿಟ್ಟರೆ, ಮೊದಲ ನೋಟಕ್ಕೆ ಅದು ಬೆಳ್ಳಿಯ ಮೀನು. ತುಸು ಹೊತ್ತಿನಮೇಲೆ ಬೆನ್ನು ನೀಲಿಹಸಿರೆಂದು ತಿಳಿಯುತ್ತದೆ. ಆಮೇಲೆ ಆ ಬೆನ್ನಿನುದ್ದಕ್ಕೂ ತಲೆಯಿಂದ ಬಾಲದ ಕಡೆಗೆ ಹರಿದ ಕಪ್ಪುಛಾಯೆಯ ಸಣ್ಣ ಪಟ್ಟೆಗಳೂ, ಮೀನು ತಾಜಾ ಆಗಿದ್ದರೆ ಹೊಂಬಣ್ಣದ ಗೆರೆಗಳೂ, ಎದೆಯ ಈಜುರೆಕ್ಕೆಯ ಕೆಳಗಂಚಿನ ಬಳಿ ಬೆರಳಿನಿಂದ ಒತ್ತಿದಂತಿರುವ ಕಪ್ಪು ಮಚ್ಚೆಯೂ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಬೆನ್ನಿನ ಬಣ್ಣ ಏಕೆ ಗಾಢ, ಹೊಟ್ಟೆ ಏಕೆ ಬಿಳುಪು ಎಂಬ ಪ್ರಶ್ನೆ ಮಗುವಿನಿಂದ ತಾನಾಗಿ ಬರುವುದುಂಟು. ಮೇಲಿನಿಂದ ನೋಡುವ ಹಕ್ಕಿಗೆ ಕಡಲಿನ ಕತ್ತಲೆಯಲ್ಲಿಯೂ, ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಆಕಾಶದ ಬೆಳಕಿನಲ್ಲಿಯೂ ಬಂಗುಡೆ ಕರಗಿಹೋಗಬೇಕಲ್ಲವೆ ಎಂದು ಉತ್ತರ ಕೊಡಬಹುದು. ಈ ಮೀನಿನ ಶಾಸ್ತ್ರನಾಮದಲ್ಲಿರುವ ‘ಕಾನಗುರ್ತ’ ವಿಶಾಖಪಟ್ಟಣದ ಬೆಸ್ತರ ಬಾಯಿಯಿಂದ ಬಂದದ್ದು. ಅಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ 1803ರಲ್ಲಿ ಪ್ರಕಟಿಸಿದ ಇನ್ನೂರು ಮೀನುಗಳ ಗ್ರಂಥಕ್ಕೆ ಚಿತ್ರ ಬರೆದುಕೊಟ್ಟ ಭಾರತೀಯನೂ, ಮಾದರಿಯ ಹಂಗಿಲ್ಲದೆ, ದಡಕ್ಕೆ ಬಂದ ಮೀನನ್ನು ಎದುರಿಗಿಟ್ಟುಕೊಂಡೇ ಬರೆದವನು.

ಬಂಗುಡೆಯ ಬೆಳ್ಳಿಯನ್ನು ಕಾಗದಕ್ಕೆ ತರುವುದು ಹೇಗೆ ಎಂಬಲ್ಲಿ ಬಣ್ಣದ ಪೆಟ್ಟಿಗೆ ಸೋಲುತ್ತದೆ. ಪೆಟ್ಟಿಗೆಯ ಕೊನೆಯಲ್ಲಿ ಬೆಳ್ಳಿಯೆಂದು ಕೊಟ್ಟಿರುವ ಕಡ್ಡಿ ಉಜ್ಜಿದರೆ ಸೀಸದ ಬೂದಿಯಂತೆ ಕಾಣುತ್ತದೆ. ಮೀನಿನ ಹೊಳಪು ಬಣ್ಣದ್ದಲ್ಲವೆಂಬುದೇ ಇದಕ್ಕೆ ಕಾರಣ. ಅದರ ಚರ್ಮದಲ್ಲಿ ಪದರ ಪದರವಾಗಿ ಜೋಡಿಸಿಕೊಂಡಿರುವ ಗ್ವಾನೀನ್ ಎಂಬ ಪದಾರ್ಥದ ಹರಳುಗಳು ಕನ್ನಡಿಯ ಚೂರುಗಳಂತೆ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಆದುದರಿಂದ ಜಾಣ ಮಕ್ಕಳು ಹೊಟ್ಟೆಯ ಭಾಗದಲ್ಲಿ ಕಾಗದದ ಬಿಳುಪನ್ನೇ ಬಿಟ್ಟು ಅಂಚಿಗೆ ಮಾತ್ರ ನಸುಬೂದಿ ತೀಡುತ್ತಾರೆ. ಇನ್ನೂ ಜಾಣರು ಚಾಕೊಲೇಟಿನ ಬೇಗಡೆಯನ್ನು ಉಗುರಿನಿಂದ ತಿಕ್ಕಿ ನಯಮಾಡಿ, ಹರಿದು, ಗೋಂದಿನಿಂದ ಅಂಟಿಸುತ್ತಾರೆ. ಈ ಎರಡನೆಯ ಉಪಾಯ ಯಾವ ಡ್ರಾಯಿಂಗ್ ಮೇಷ್ಟರೂ ಹೇಳಿಕೊಟ್ಟದ್ದಲ್ಲ.

ಕಡಲಿನ ಜೀವಿಗಳಿಗೆ ನಾವು ಬಣ್ಣ ಕೊಡುವುದಿರಲಿ, ಅವು ನಮಗೆ ಬಣ್ಣ ಕೊಟ್ಟಿರುವುದು ಬಹು ಪುರಾತನ ಕಾಲದಿಂದ. ಭೂಮಧ್ಯ ಸಮುದ್ರದ ತೀರದಲ್ಲಿ ಚಕ್ರವರ್ತಿಗಳ ಉಡುಪಿಗೆ ಬಳಸುತ್ತಿದ್ದ ಧೂಮ್ರವರ್ಣ ಮ್ಯೂರೆಕ್ಸ್ ಎಂಬ ಶಂಖಜಾತಿಯ ಹುಳುವಿನ ಗ್ರಂಥಿಯಿಂದ ಬಂದದ್ದು. 1909ರಲ್ಲಿ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ 12,000 ಹುಳುಗಳಿಂದ ಅದನ್ನು ಬೇರ್ಪಡಿಸಿದಾಗ ದೊರೆತದ್ದು 1.4 ಗ್ರಾಂ, ಪರೀಕ್ಷಿಸಿ ನೋಡಿದರೆ ಅದು ನಮ್ಮ ನೀಲಿಗಿಡದ ನೀಲಿಯದೇ ದಾಯಾದಿ, ಎರಡು ಬ್ರೋಮಿನ್ ಪರಮಾಣುಗಳನ್ನು ಹೆಚ್ಚಾಗಿ ತೊಟ್ಟದ್ದು. ಆದರೆ ಮಕ್ಕಳಿಗೆ ಹೇಳಲು ಇದಕ್ಕಿಂತ ರುಚಿಕರವಾದ ಕಥೆ ಬೊಂಡಾಸಿನದು. ಕರಾವಳಿಯವರು ಕಪ್ಪೆ ಬೊಂಡಾಸ್ ಎನ್ನುವ, ಒಳಗೆ ಸುಣ್ಣದ ಹಲಗೆಯಂಥ ಚಿಪ್ಪಿರುವ ಜೀವಿ (ಆ ಹಲಗೆಯೇ ನಾಟಿವೈದ್ಯರ ಸಮುದ್ರಫೇನ, ಪಂಜರದ ಗಿಳಿ ಕೊಕ್ಕು ಮಸೆಯುವ ಕಲ್ಲು) ತನ್ನ ಹೊಟ್ಟೆಯೊಳಗೊಂದು ಮಸಿಕುಡಿಕೆಯನ್ನು ಹೊತ್ತುಕೊಂಡೇ ತಿರುಗುತ್ತದೆ. ಅದರ ಚರ್ಮದಲ್ಲಿ ಬಣ್ಣದ ಸಣ್ಣ ಚೀಲಗಳು ಅಸಂಖ್ಯವಾಗಿವೆ. ಸ್ನಾಯುಗಳು ಅವನ್ನು ಎಳೆದು ಬಿಡುವುದರಿಂದ ಒಂದು ಕ್ಷಣದೊಳಗೆ ಮೈಯ ಬಣ್ಣವೂ ವಿನ್ಯಾಸವೂ ಬದಲಾಗುತ್ತವೆ. ಇಂಥ ಪ್ರಾಣಿಗೆ ಮೇಲ್ಮೂಲೆಯ ಮಾದರಿ ಯಾವ ಬಣ್ಣವನ್ನು ನಿಗದಿಮಾಡೀತು? ವಿನೋದವೆಂದರೆ ಈ ಮಹಾ ವರ್ಣಚತುರನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ದ್ರವ್ಯ ಒಂದೇ ಬಗೆಯದು. ನಮ್ಮ ಅರ್ಥದಲ್ಲಿ ಅದು ವರ್ಣಾಂಧ.

ಆ ಕುಡಿಕೆಯ ಕಂದುಮಸಿಯಿಂದಲೇ ಸೀಪಿಯಾ ಎಂಬ ಚಿತ್ರವರ್ಣ ಹುಟ್ಟಿದ್ದು. ರೋಮನರು ಅದರಿಂದ ಬರೆದರು, ಯುರೋಪಿನ ಚಿತ್ರಕಾರರು ಚಿತ್ರಿಸಿದರು. 1826ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲೂರಿನ ಬಂಡೆಗಳಲ್ಲಿ ಪಳೆಯುಳಿಕೆ ಅಗೆದು ಮಾರಿ ಜೀವನ ನಡೆಸುತ್ತಿದ್ದ ಮೇರಿ ಆ್ಯನಿಂಗ್ ಎಂಬ ಬಡ ಹೆಣ್ಣುಮಗಳು, ಬೊಂಡಾಸಿನ ದೂರದ ನಂಟನಾದ ಬೆಲೆಮ್ನೈಟ್ ಎಂಬ ಲುಪ್ತಜೀವಿಯ ಕಲ್ಲಾದ ದೇಹದಲ್ಲಿ, ಒಣಗಿ ಗಟ್ಟಿಯಾದ ಮಸಿಯಂಥ ವಸ್ತುವನ್ನು ಕಂಡಳು. ಸುಮಾರು ಇಪ್ಪತ್ತು ಕೋಟಿ ವರ್ಷಗಳಷ್ಟು ಹಿಂದಿನ ಮಸಿ ಅದು. ಆಕೆಯ ಗೆಳತಿ ಎಲಿಜಬೆತ್ ಫಿಲ್ಪಾಟ್ ಅದನ್ನು ಅರೆದು ನೀರಿನಲ್ಲಿ ಕದಡಿ ಕುಂಚ ಅದ್ದಿದಳು. ಅದೇ ಬಂಡೆಗಳಲ್ಲಿ ದೊರೆತ ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ತಲೆಬುರುಡೆಯ ಚಿತ್ರವನ್ನು ಅದರಿಂದಲೇ ಬರೆದು 1833ರಲ್ಲಿ ಸ್ನೇಹಿತೆಯೊಬ್ಬಳಿಗೆ ಕಾಗದದೊಡನೆ ಕಳುಹಿಸಿದಳು. ಬೆಲೆಬಾಳುವ ಬಣ್ಣದ ಪೆಟ್ಟಿಗೆ ಬೇಕೆಂದು ಹಟ ಹಿಡಿದ ಮಗುವಿಗೆ ಈ ಕಥೆ ಹೇಳಿ ಸುಮ್ಮನಾಗಿಸುವುದು ಸಾಧ್ಯವೆಂದು ನಾನು ಭರವಸೆ ಕೊಡಲಾರೆ. ಆದರೆ ಮೀನು ಬರುವ ಮನೆಗಳಲ್ಲಿ, ಬೊಂಡಾಸ್ ಹಸನುಮಾಡುವಾಗ ಎಸೆಯುವ ಮಸಿಚೀಲವನ್ನು ಒಂದು ತಟ್ಟೆಗೆ ಹಿಂಡಿ, ನೀರು ಬೆರೆಸಿ, ಬೊಂಡಾಸಿನ ಚಿತ್ರವನ್ನು ಅದರ ಮಸಿಯಿಂದಲೇ ಬರೆಯಗೊಡಬಹುದು. ವಾಸನೆಯನ್ನು ಸಹಿಸಿಕೊಳ್ಳಬೇಕು, ಅಷ್ಟೆ.

ಇನ್ನು ಕಡಲಿನ ಒಳಗೆ ಬಣ್ಣಗಳ ಗತಿ ಏನಾಗುತ್ತದೆ ಎಂಬುದು ದೊಡ್ಡವರೂ ಯೋಚಿಸದ ವಿಷಯ. ಬೆಳಕು ನೀರಿನೊಳಗೆ ಇಳಿದಂತೆಲ್ಲ ನೀರು ಮೊದಲು ನುಂಗುವುದು ಕೆಂಪನ್ನು. ಹತ್ತು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಅದು ಬಹುಮಟ್ಟಿಗೆ ತೀರಿಹೋಗಿರುತ್ತದೆ, ಅನಂತರ ಕಿತ್ತಳೆ, ಹಳದಿ. ಕಟ್ಟಕಡೆಗೆ ಉಳಿಯುವುದು ನೀಲಿ. ಬರ್ಮುಡಾ ದ್ವೀಪದ ಬಳಿ ಉಕ್ಕಿನ ಗೋಳವೊಂದರಲ್ಲಿ ಕುಳಿತು ಕಡಲಾಳಕ್ಕೆ ಇಳಿದ ವಿಲಿಯಂ ಬೀಬ್ ತನ್ನ ಜೊತೆಯಲ್ಲಿ ಗ್ರಂಥವೊಂದನ್ನು ಒಯ್ದಿದ್ದ. ಅದರಲ್ಲಿ ಆಳಗಡಲಿನ ಸಿಗಡಿಗಳನ್ನು ಕಡುಗೆಂಪಿನಲ್ಲಿ ಅಚ್ಚುಹಾಕಿದ ಪುಟವೊಂದಿತ್ತು. ಮೇಲೆ ಕಣ್ಣು ಕೋರೈಸುತ್ತಿದ್ದ ಆ ಕೆಂಪು, ಗೋಳ ಇಳಿದಂತೆ, ಮಖಮಲ್ಲಿನಂಥ ಕಪ್ಪಾಗಿ ಕಾಣಿಸಿತು. ಆಳಗಡಲಿನ ಸಿಗಡಿ ಕೆಂಪಗಿರುವುದರ ಮರ್ಮವೂ ಅದೇ: ಕೆಂಪು ಬೆಳಕಿಲ್ಲದ ಕಡೆ ಕೆಂಪು ಮೈಯೆಂದರೆ ಕತ್ತಲೆಯ ಹೊದಿಕೆ. 1934ರ ಆಗಸ್ಟ್ 15ರಂದು ಬೀಬ್ 3,028 ಅಡಿ ಆಳವನ್ನು ಮುಟ್ಟಿದ. ಕಂಡ ಜೀವಿಗಳ ವರ್ಣನೆಯನ್ನು ದೂರವಾಣಿಯ ತಂತಿಯಲ್ಲಿ ಮೇಲಕ್ಕೆ ಹೇಳುತ್ತಿದ್ದ. ಆತನ ವರ್ಣನೆಗಳನ್ನು ಚಿತ್ರವಾಗಿಸಿದವಳು ಎಲ್ಸ್ ಬೋಸ್ಟಲ್ಮನ್. ಆಕೆ ಇಷ್ಟಕ್ಕೇ ತೃಪ್ತಳಾಗದೆ, ಗಾಳಿ ಹಾಯಿಸುವ ಶಿರಸ್ತ್ರಾಣ ತೊಟ್ಟು ತಾನೇ ಹವಳದ ದಿಬ್ಬಗಳಿಗಿಳಿದು, ಸತುವಿನ ತಗಡಿನ ಮೇಲೆ ತೈಲವರ್ಣದಿಂದ ನೀರಿನೊಳಗೇ ಚಿತ್ರ ಬರೆದವಳು. ನಮ್ಮ ಪುಸ್ತಕದ ಮಾದರಿಯಾದರೋ ಕಡಲಿಗೆ ಇಳಿಯುವುದಿರಲಿ, ಪಾದವನ್ನೂ ಒದ್ದೆಮಾಡಿಕೊಂಡಂತೆ ತೋರುವುದಿಲ್ಲ.

ಪ್ರಾಣಿಗಳ ವಿಚಾರ ಇಷ್ಟಾಯಿತು. ಪೆಟ್ಟಿಗೆಯ ವಿಚಾರಕ್ಕೆ ಬರೋಣ. ಬಣ್ಣ ತುಂಬುವ ಪುಸ್ತಕ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಮೆಕ್‌ಲಾಫ್ಲಿನ್ ಸಹೋದರರಂಥ ಪ್ರಕಾಶಕರ ಕೈಯಲ್ಲಿ ಜನಪ್ರಿಯವಾದದ್ದು. ಮೇಣದ ಕ್ರೇಯಾನಿನ ಎಂಟು ಕಡ್ಡಿಗಳ ಪೆಟ್ಟಿಗೆಯನ್ನು ಬಿನ್ನಿ ಮತ್ತು ಸ್ಮಿತ್ ಎಂಬ ಸಂಸ್ಥೆ ಕ್ರೇಯೋಲಾ ಎಂಬ ಹೆಸರಿನಿಂದ 1903ರಲ್ಲಿ ಐದು ಸೆಂಟಿಗೆ ಮಾರತೊಡಗಿತು. ನಮ್ಮ ದೇಶದಲ್ಲಿ 1931ರಲ್ಲಿ ಮುಂಬಯಿಯಲ್ಲಿ ಮಸಿಪುಡಿ ಮಾಡುವುದರಿಂದ ಆರಂಭಿಸಿದ ದಾಂಡೇಕರರ ಕ್ಯಾಮ್ಲಿನ್, ಮುಂದೆ ಒಂಟೆಯ ಗುರುತಿನ ಬಣ್ಣಗಳ ಮೂಲಕ ಶಾಲೆಯ ಚೀಲಗಳನ್ನು ಹೊಕ್ಕಿತು. ಇವೆಲ್ಲ ವ್ಯಾಪಾರದ ಇತಿಹಾಸ, ಹೆಚ್ಚು ಹೊತ್ತು ನಿಲ್ಲಬೇಕಾದ್ದಿಲ್ಲ. ನಿಲ್ಲಬೇಕಾದದ್ದು ಆಯಿಲ್ ಪೇಸ್ಟಲ್ ಎಂಬ ಮೆತ್ತನೆಯ ಕಡ್ಡಿಯ ಬಳಿ.

ಆ ಕಡ್ಡಿ ಹುಟ್ಟಿದ ಜಪಾನಿನ ಶಾಲೆಗಳಲ್ಲಿ 20ನೆಯ ಶತಮಾನದ ಆರಂಭದಲ್ಲಿ ಚಿತ್ರಕಲೆಯೆಂದರೆ ಪಠ್ಯಪುಸ್ತಕದ ಮಾದರಿಯನ್ನು ನೋಡಿ ನಕಲು ಮಾಡುವುದಾಗಿತ್ತು. ಯುರೋಪಿನಿಂದ ಮಾಸ್ಕೋ ಮಾರ್ಗವಾಗಿ ಸ್ವದೇಶಕ್ಕೆ ಮರಳಿದ ಯಾಮಾಮೊಟೊ ಕಾನಾಯೆ ಎಂಬ ಚಿತ್ರಕಾರ, ರಷ್ಯದಲ್ಲಿ ಮಕ್ಕಳ ಸ್ವತಂತ್ರ ಚಿತ್ರಗಳನ್ನು ಕಂಡು ಬೆರಗಾಗಿದ್ದವನು, 1919ರಲ್ಲಿ ನಾಗಾನೊ ಪ್ರಾಂತದ ಹಳ್ಳಿಯೊಂದರ ಶಾಲೆಯಲ್ಲಿ ಮಕ್ಕಳು ತಾವೇ ನೋಡಿ ತಾವೇ ಬರೆದ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿ, ಮಾದರಿಯ ನಕಲಿಗೆ ವಿರುದ್ಧವಾಗಿ ಒಂದು ಚಳವಳಿಯನ್ನೇ ಹೂಡಿದ. ಆ ಚಳವಳಿಗೆ ತಕ್ಕ ಸಾಧನ ಬೇಕಾಯಿತು. ಮೇಣದ ಕ್ರೇಯಾನು ಗಟ್ಟಿ. ಗೆರೆ ಬೀಳುತ್ತದೆ, ಮೈತುಂಬುವುದಿಲ್ಲ, ಒಂದರ ಮೇಲೊಂದು ಬಣ್ಣ ಬೆರೆಯುವುದಿಲ್ಲ. ಒಣ ಪೇಸ್ಟಲಿಗೆ ಬಣ್ಣದ ಶಕ್ತಿಯುಂಟು, ಆದರೆ ಪುಡಿಯುದುರಿ ಮುಟ್ಟಿದರೆ ಅಳಿಸುತ್ತದೆ. ಎರಡರ ಗುಣವನ್ನೂ ಕೂಡಿಸಿ, ಒಣಗದ ಎಣ್ಣೆ, ಮೇಣ, ವರ್ಣದ್ರವ್ಯಗಳ ಪಾಕದಿಂದ ಸಕುರಾ ಎಂಬ ಸಂಸ್ಥೆ 1925ರಲ್ಲಿ ಕ್ರೇಪಾಸ್ ಎಂಬ ಕಡ್ಡಿಯನ್ನು ಹೊರತಂದಿತು. ನಮ್ಮ ಮಕ್ಕಳ ಪೆಟ್ಟಿಗೆಯಲ್ಲಿರುವ ಇಪ್ಪತ್ತೈದು ಕಡ್ಡಿಗಳು ಅದರ ಸಂತಾನ. ನಕಲಿನಿಂದ ಮಗುವನ್ನು ಬಿಡಿಸಲೆಂದು ಹುಟ್ಟಿದ ವಸ್ತು ಈಗ ಅಂಚೆಚೀಟಿಯ ಗಾತ್ರದ ಮಾದರಿಯನ್ನು ನಕಲುಮಾಡುವ ಚಾಕರಿಗೆ ಬಿದ್ದಿದೆ. ಮಕ್ಕಳ ಚಿತ್ರಸ್ಪರ್ಧೆಗಳ ಸಭಾಂಗಣಕ್ಕೆ ಹೋದರೆ ಇದರ ಪರಾಕಾಷ್ಠೆಯನ್ನು ಕಾಣಬಹುದು: ಏಳು ವರ್ಷದ ಇಪ್ಪತ್ತು ಮಕ್ಕಳು, ಇಪ್ಪತ್ತೂ ಹಾಳೆಗಳ ಮೇಲೆ ಒಂದೇ ನೇರಳೆ ಆಕ್ಟೋಪಸ್ಸು, ಒಂದೇ ಬಗೆಯ ಗುಳ್ಳೆಗಳು, ಕೆಳಗೆ ಬಲಮೂಲೆಯಲ್ಲಿ ಅದೇ ನಿಧಿಪೆಟ್ಟಿಗೆ. ತರಗತಿ ನಡೆಸಿದವರು ಒಬ್ಬರೇ ಎಂದು ಬೇರೆ ಹೇಳಬೇಕಾಗಿಲ್ಲ.

ಪೋಷಕರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಯಾವ ಬಣ್ಣ ಕೊಡಿಸೋಣ? ನನ್ನ ಉತ್ತರ ಬಣ್ಣಕ್ಕಿಂತ ಮೊದಲು ಕಾಗದದ ಕಡೆಗೆ ತಿರುಗುತ್ತದೆ. ಐವತ್ತು ಛಾಯೆಗಳ ಪೆಟ್ಟಿಗೆಗೆ ಹಣ ಸುರಿದು, ಅದನ್ನು ಎಪ್ಪತ್ತು ಜಿಎಸ್‌ಎಂನ ತೆಳುಹಾಳೆಯ ಮೇಲೆ ಉಜ್ಜುವ ಮನೆಗಳೇ ಹೆಚ್ಚು. ಪೇಸ್ಟಲಿಗೆ ನೂರೈವತ್ತರ ಸುಮಾರಿನ, ತುಸು ಒರಟು ಮೈಯ ಡ್ರಾಯಿಂಗ್ ಹಾಳೆ ಬೇಕು. ನೀರಿನ ಬಣ್ಣಕ್ಕೆ ಇನ್ನೂ ದಪ್ಪ, ಇಲ್ಲವಾದರೆ ಹಾಳೆ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಕಡ್ಡಿಗಳು ಹನ್ನೆರಡಿದ್ದರೆ ಸಾಕು. ನೀಲಿಯ ಮೇಲೆ ಹಳದಿ ತಿಕ್ಕಿ ಕಡಲಪಾಚಿಯ ಹಸಿರನ್ನು ಮಗು ತಾನೇ ಕಂಡುಕೊಳ್ಳಲಿ. ಸ್ಕೆಚ್ ಪೆನ್ನನ್ನು ನಾನು ಹಿಂದಕ್ಕೆ ಇಡುತ್ತೇನೆ: ಒತ್ತಿದರೂ ಸವರಿದರೂ ಒಂದೇ ಬಣ್ಣ ಕೊಡುವ, ಕೈಯ ಭಾವವನ್ನು ತಿಳಿಯದ ವಸ್ತು ಅದು. ಮೂರು ವರ್ಷದೊಳಗಿನ ಕೂಸಿಗೆ, ಬಾಯಿಗೆ ಹಾಕಿಕೊಳ್ಳುವ ಭಯವಿರುವುದರಿಂದ, ಮುರಿಯದ ದಪ್ಪ ಕಡ್ಡಿಯನ್ನೇ ಕೊಟ್ಟು ಹತ್ತಿರ ಕುಳಿತಿರಬೇಕು.

ಕಡಲಿಗೆಂದೇ ಹೇಳಿಮಾಡಿಸಿದಂಥ ಒಂದು ವಿಧಾನವುಂಟು, ಖರ್ಚಿಲ್ಲದ್ದು, ಸೋಲದ್ದು. ದಪ್ಪ ಹಾಳೆಯ ಮೇಲೆ ಮೇಣದ ಕ್ರೇಯಾನಿನಿಂದ, ಬಲವಾಗಿ ಒತ್ತಿ, ಮೀನು ಲೋಳೆಮೀನು ಕಡಲ್ಗುದುರೆಗಳನ್ನು ಬರೆಯಬೇಕು. ಮುರಿದ ಮೇಣದಬತ್ತಿಯಿಂದ ಅಲ್ಲಲ್ಲಿ ಅಲೆಯ ಗೆರೆಗಳನ್ನೂ ಎಳೆಯಬಹುದು. ಬಿಳಿಯ ಮೇಲೆ ಬಿಳಿ, ಆಗ ಅವು ಕಾಣಿಸುವುದಿಲ್ಲ. ಅನಂತರ ನೀಲಿಯ ನೀರುಬಣ್ಣವನ್ನು ತೆಳುವಾಗಿ ಕದಡಿ, ಅಗಲವಾದ ಬ್ರಶ್ಶಿನಿಂದ ಹಾಳೆಯ ಈ ಅಂಚಿನಿಂದ ಆ ಅಂಚಿಗೆ, ಮೀನುಗಳ ಮೇಲೆಯೇ, ಯಾವ ದಾಕ್ಷಿಣ್ಯವೂ ಇಲ್ಲದೆ ಬಳಿದುಬಿಡಬೇಕು. ಮೇಣ ನೀರನ್ನು ಹಿಡಿಯದು. ಕಡಲು ಎಲ್ಲ ಕಡೆಗೂ ಹರಿದು, ಮೀನುಗಳ ಮೈಮೇಲೆ ಮಾತ್ರ ಮುತ್ತಿನಂತೆ ಹನಿಗೂಡಿ ಜಾರುತ್ತದೆ, ಅಡಗಿದ್ದ ಬಿಳಿಯ ಅಲೆಗಳು ಮೇಲೆದ್ದು ಬರುತ್ತವೆ. ಬಣ್ಣ ಇನ್ನೂ ಒದ್ದೆಯಿರುವಾಗಲೇ ನಾಲ್ಕಾರು ಕಲ್ಲುಪ್ಪಿನ ಹರಳುಗಳನ್ನು ಉದುರಿಸಿದರೆ (ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಾದರೆ ಮತ್ತೂ ಚೆನ್ನು, ಪುಡಿಯುಪ್ಪು ಸಾಲದು) ಒಂದೊಂದು ಹರಳೂ ತನ್ನ ಸುತ್ತಲಿನ ನೀರನ್ನು ಹೀರಿ ಬಣ್ಣವನ್ನು ಎಳೆದುಕೊಂಡು, ಒಣಗಿದ ಮೇಲೆ ನೊರೆಯಂತೆಯೋ ನಕ್ಷತ್ರದಂತೆಯೋ ಬಿಳಿಯ ಗುರುತು ಬಿಡುತ್ತದೆ. ಗೆರೆಯ ಹೊರಗೆ ಬಣ್ಣ ಹೋಯಿತೆಂದು ಗದರಿಸಿಕೊಂಡು ಗದರಿಸಿಕೊಂಡು ಕುಗ್ಗಿದ ಮಕ್ಕಳಿಗೆ ಈ ಆಟದಲ್ಲಿ ವಿಶೇಷ ಸಂತೋಷ. ಇಲ್ಲಿ ಬಣ್ಣ ಗೆರೆ ದಾಟದೆ ಚಿತ್ರವೇ ಇಲ್ಲ.

ಕಡಲನ್ನು ಕಾಣದ ಊರಿನ ಮಕ್ಕಳ ಗತಿಯೇನು ಎಂದು ಕೇಳಬಹುದು. ಕೋಟದ ಕಡಲದಂಡೆಯಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದದ್ದು, ಊರು ದಾಟದ ಮಕ್ಕಳ ಮನೆಬಾಗಿಲಿಗೇ ಲೋಕವನ್ನು ತಂದು ನಿಲ್ಲಿಸುವುದಕ್ಕಾಗಿ, ಪುತ್ತೂರಿನ ಬಾಲವನದಲ್ಲಿ ಅವರು ನಡೆಸಿದ ಪ್ರಯೋಗಗಳಲ್ಲಿ ಆಟಕ್ಕೂ ಪಾಠಕ್ಕೂ ಗೋಡೆಯಿರಲಿಲ್ಲ. ಒಳನಾಡಿನ ಶಾಲೆಗೆ ಬಂಗುಡೆ ಬಾರದಿದ್ದರೂ, ಮೈದಾನವೊಂದಿದ್ದರೆ ತಿಮಿಂಗಿಲ ಬರಬಹುದು. ನೀಲಿ ತಿಮಿಂಗಿಲ ಮೂವತ್ತು ಮೀಟರಿನವರೆಗೆ ಬೆಳೆಯುತ್ತದೆ. ಚೌಕುಳಿ ಹಾಳೆಯ ಮೇಲೆ ಅದನ್ನು ಮೂವತ್ತು ಸೆಂಟಿಮೀಟರಿನಷ್ಟು ಬರೆದುಕೊಂಡು, ಒಂದು ಸೆಂಟಿಮೀಟರಿಗೆ ಒಂದು ಮೀಟರಿನಂತೆ ನೆಲದ ಮೇಲೆ ಹಗ್ಗದಿಂದ ಚೌಕಗಳನ್ನು ಹಾಕಿ, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಚೌಕವನ್ನು ಒಪ್ಪಿಸಿ, ರಂಗೋಲಿಪುಡಿಯಿಂದ ಗೆರೆ ಎಳೆಸಿದರೆ, ಯಾರ ಪಾಲಿಗೂ ಇಡೀ ಪ್ರಾಣಿ ಬರುವುದಿಲ್ಲ; ಒಬ್ಬನಿಗೆ ಬರಿಯ ಬೆನ್ನು, ಒಬ್ಬಳಿಗೆ ಬಾಯಿಯ ಮೂಲೆ, ಇನ್ನೊಬ್ಬನಿಗೆ ಏನೂ ಇಲ್ಲದ ಹೊಟ್ಟೆಯ ನಡುಭಾಗ. ಇನ್ನೂ ಉತ್ಸಾಹವಿದ್ದರೆ ಹೃದಯವನ್ನೂ ಬರೆಯಿಸಬಹುದು: ಟೊರಾಂಟೊದ ರಾಯಲ್ ಒಂಟಾರಿಯೊ ವಸ್ತುಸಂಗ್ರಹಾಲಯದವರು ಸಂರಕ್ಷಿಸಿದ ನೀಲಿ ತಿಮಿಂಗಿಲದ ಹೃದಯ ಸುಮಾರು 180 ಕೆ.ಜಿ. ತೂಗಿತು, ಐದಡಿಯಷ್ಟು ಎತ್ತರವಿತ್ತು; ಮೂರನೆಯ ತರಗತಿಯ ಮಗು ಅದರ ಗೆರೆಯೊಳಗೆ ಕಾಲುಚಾಚಿ ಮಲಗಬಹುದು. ಬಣ್ಣದ ಗೊಡವೆ ಬೇಡ. ದಡಕ್ಕೆ ಬಿದ್ದ ನೀಲಿ ತಿಮಿಂಗಿಲ ಮಚ್ಚೆಮಚ್ಚೆಯ ಬೂದಿಬಣ್ಣದ್ದೇ, ಮೈದಾನದ ಧೂಳು ಅದಕ್ಕೆ ಒಪ್ಪುತ್ತದೆ. ಗಾಳಿಯಿಲ್ಲದ ಬೆಳಗ್ಗೆ ಈ ಕೆಲಸ ಹಿಡಿಯುವುದು ಒಳ್ಳೆಯದು, ಮತ್ತು ಮರುದಿನದ ಪ್ರಾರ್ಥನೆಯ ಸಾಲನ್ನು ಮುಖ್ಯೋಪಾಧ್ಯಾಯರು ತುಸು ಪಕ್ಕಕ್ಕೆ ನಿಲ್ಲಿಸಲು ಒಪ್ಪಿದರೆ, ಚಿತ್ರ ಇನ್ನೂ ಒಂದು ದಿನ ಉಳಿದೀತು.